ಒಂದೇ ದಿನ, ಹಲವು ಮತಪತ್ರ
(ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ನಮ್ಮ ಕಡೆ ಒಂದು ರೂಢಿಯಿದೆ. ಮನೆಯಲ್ಲಿ ಮಗಳ ಮದುವೆ ನಿಶ್ಚಯವಾಯಿತೆಂದರೆ, ಮಗನ ಮುಂಜಿಯನ್ನೂ ಅದೇ ಚಪ್ಪರದಲ್ಲಿ ಮುಗಿಸಿಬಿಡೋಣ ಎನ್ನುತ್ತಾರೆ ಹಿರಿಯರು. ಲೆಕ್ಕ ಸರಿಯಾದದ್ದೇ. ಅಡುಗೆಯವರು ಒಬ್ಬರೇ, ಓಲಗದವರು ಒಬ್ಬರೇ, ನೆಂಟರು ಎರಡು ಸಲ ರೈಲು ಹತ್ತಬೇಕಾಗಿಲ್ಲ. ಆದರೆ ಎರಡರ ಮುಹೂರ್ತ ಬೇರೆ, ಮಂತ್ರ ಬೇರೆ, ಸಾಮಗ್ರಿ ಬೇರೆ. ಒಂದರ ಸಾಮಾನು ಇನ್ನೊಂದರ ತಟ್ಟೆಗೆ ಹೋಗದಂತೆ ನೋಡಿಕೊಳ್ಳುವವರು ಒಬ್ಬರು ಇರಲೇಬೇಕು.

ಹಲವು ಚುನಾವಣೆಗಳನ್ನು ಒಂದೇ ದಿನ ನಡೆಸುವುದೂ ಹೀಗೆಯೇ. ನಮ್ಮ ದೇಶದಲ್ಲಿ 'ಒಂದು ದೇಶ, ಒಂದು ಚುನಾವಣೆ' ಎಂಬ ಮಾತು ಸಾಕಷ್ಟು ಕೇಳಿಬಂದಿದೆ. ಆ ಚರ್ಚೆಯಲ್ಲಿ ಖರ್ಚಿನ ಲೆಕ್ಕ ಬರುತ್ತದೆ, ಪಕ್ಷಗಳ ಲಾಭ-ನಷ್ಟದ ಲೆಕ್ಕ ಬರುತ್ತದೆ. ಮತಗಟ್ಟೆಯೊಳಗೆ ನಿಂತ ಮತದಾರನಿಗೆ ಏನಾಗುತ್ತದೆ ಎಂಬ ಲೆಕ್ಕ ಮಾತ್ರ ಅಪರೂಪ. ಅದನ್ನು ಕಷ್ಟಪಟ್ಟು ಕಲಿತ ಒಂದು ದೇಶವಿದೆ, ಅದು ಬ್ರಿಟನ್. ಇಂದು ಅಲ್ಲಿನ ಅನುಭವವನ್ನು ತಮ್ಮ ಮುಂದಿಡುತ್ತೇನೆ.

ಮೊದಲು ಸ್ಕಾಟ್ಲೆಂಡಿಗೆ ಹೋಗೋಣ. ಅಲ್ಲಿನ ಸಂಸತ್ತಿಗೆ 1999ರಲ್ಲಿ ಮೊದಲ ಚುನಾವಣೆ ನಡೆಯಿತು. ಪ್ರತಿ ಮತದಾರನಿಗೂ ಎರಡು ಮತ: ಒಂದು ತನ್ನ ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ತನ್ನ ಪ್ರಾಂತದ ಪಕ್ಷದ ಪಟ್ಟಿಗೆ. ಸ್ಥಳೀಯ ಕೌನ್ಸಿಲ್ ಚುನಾವಣೆಯೂ ಅದೇ ದಿನ ನಡೆಯಿತು. 2003ರಲ್ಲೂ ಹಾಗೆಯೇ. ಎರಡು ಸಲವೂ ದೊಡ್ಡ ತೊಂದರೆಯೇನೂ ಆಗಲಿಲ್ಲ. 2003ರಲ್ಲಿ ಅಸಿಂಧುವಾದ ಮತ ಶೇಕಡಾ ಒಂದಕ್ಕಿಂತ ಕಡಿಮೆ.

ಮೇ 3, 2007ರಂದು ಮತ್ತೆ ಅದೇ ಜೋಡಿ ಚುನಾವಣೆ. ಆದರೆ ಈ ಸಲ ಎರಡು ಬದಲಾವಣೆಗಳಾಗಿದ್ದವು. ಅದುವರೆಗೆ ಸಂಸತ್ತಿನ ಎರಡು ಮತಗಳಿಗೆ ಎರಡು ಬೇರೆ ಹಾಳೆಗಳಿದ್ದವು. ಈಗ ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಎರಡು ಕಾಲಂ ಮಾಡಿ ಮುದ್ರಿಸಿದರು. ಇನ್ನೊಂದು ಕಡೆ, ಕೌನ್ಸಿಲ್ ಚುನಾವಣೆಗೆ ಹೊಸ ಪದ್ಧತಿ ಬಂತು. ಅಲ್ಲಿ ಗುಣಾಕಾರ ಚಿಹ್ನೆ ಹಾಕುವಂತಿಲ್ಲ, ಇಷ್ಟದ ಕ್ರಮದಲ್ಲಿ 1, 2, 3 ಎಂದು ಅಂಕಿ ಬರೆಯಬೇಕು. ಅಂದರೆ ಒಬ್ಬನೇ ಮತದಾರ, ಒಂದೇ ಮರೆಯಲ್ಲಿ ನಿಂತು, ಒಂದು ಹಾಳೆಯಲ್ಲಿ ಎರಡು ಗುರುತು, ಇನ್ನೊಂದರಲ್ಲಿ ಅಂಕಿ ಬರೆದು ಬರಬೇಕು. ಸಾಲದೆಂಬಂತೆ ಗ್ಲಾಸ್ಗೋ ಮತ್ತು ಲೋಥಿಯನ್ ಪ್ರಾಂತಗಳಲ್ಲಿ ಪಟ್ಟಿ ಬಹಳ ಉದ್ದವಾಯಿತೆಂದು ಹಾಳೆಯ ಮೇಲಿನ ಸೂಚನೆಗಳನ್ನೇ ಮೊಟಕುಗೊಳಿಸಿದರು.

ಫಲ ಏನಾಯಿತು? ಕ್ಷೇತ್ರದ ಮತಗಳಲ್ಲಿ 85,644, ಪ್ರಾಂತದ ಮತಗಳಲ್ಲಿ 60,455, ಒಟ್ಟು 1,46,099 ಮತಗಳು ತಿರಸ್ಕೃತವಾದವು. ಕ್ಷೇತ್ರದ ಮತಗಳಲ್ಲಿ ಅದು ಶೇಕಡಾ 4ಕ್ಕೂ ಹೆಚ್ಚು. ಕೆಲವರು ಒಂದೇ ಕಾಲಂನಲ್ಲಿ ಎರಡು ಗುರುತು ಹಾಕಿದ್ದರು, ಕೆಲವರು ಒಂದು ಕಾಲಂ ಖಾಲಿ ಬಿಟ್ಟಿದ್ದರು. ಆ ಚುನಾವಣೆಯಲ್ಲಿ ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ 47 ಸ್ಥಾನ, ಲೇಬರ್ ಪಕ್ಷಕ್ಕೆ 46. ಒಂದೇ ಸ್ಥಾನದ ಅಂತರದಲ್ಲಿ ಸರ್ಕಾರ ಬದಲಾಯಿತು. ಕನಿಂಗ್‌ಹ್ಯಾಮ್ ನಾರ್ತ್ ಎಂಬ ಕ್ಷೇತ್ರದಲ್ಲಿ ಗೆಲುವಿನ ಅಂತರ ಕೇವಲ 48 ಮತ. ಅಲ್ಲಿ ತಿರಸ್ಕೃತವಾದ ಮತಗಳು ಅದರ ಎಷ್ಟೋ ಪಟ್ಟು. ಆ ಮತಗಳು ಯಾರಿಗೆ ಬಿದ್ದಿರುತ್ತಿದ್ದವು ಎಂದು ಇಂದಿಗೂ ಹೇಳುವಂತಿಲ್ಲ.

ಈ ವಿಷಯದ ತನಿಖೆಗೆ ಕೆನಡಾದ ಚುನಾವಣಾ ತಜ್ಞ ರಾನ್ ಗೌಲ್ಡ್ ಅವರನ್ನು ಕರೆಸಿದರು. 2007ರ ಅಕ್ಟೋಬರಿನಲ್ಲಿ ಅವರ ವರದಿ ಬಂತು. ಅಂಕಿ ಬರೆಯುವ ಹೊಸ ಪದ್ಧತಿಯೇ ತಪ್ಪಿಗೆಲ್ಲ ಕಾರಣ ಎಂದು ಎಲ್ಲರೂ ಊಹಿಸಿದ್ದರು. ಆದರೆ ಕೌನ್ಸಿಲ್ ಮತಪತ್ರಗಳಲ್ಲಿ ಅಸಿಂಧುವಾದದ್ದು ಶೇಕಡಾ 2ಕ್ಕಿಂತ ಕಡಿಮೆ. ಮುಖ್ಯ ಕಾರಣ ಎರಡು ಮತವನ್ನು ಒಂದೇ ಹಾಳೆಗೆ ತುರುಕಿದ್ದು ಎಂದು ವರದಿ ಗುರುತಿಸಿತು. ನಿಯಮಗಳನ್ನು ತಡವಾಗಿ ಮಾಡಿದ್ದು, ನಿರ್ಧಾರಗಳಲ್ಲಿ ಪಕ್ಷಗಳ ಹಿತವನ್ನು ಮುಂದಿಟ್ಟು ಮತದಾರನನ್ನು ಕೊನೆಗೆ ನೆನೆದದ್ದು, ಇವನ್ನೂ ಅದು ಎತ್ತಿ ತೋರಿಸಿತು. ಅದು ಮಾಡಿದ ಮೂರು ಶಿಫಾರಸುಗಳನ್ನು ನಾವು ನೆನಪಿಡಬೇಕು. ಸಂಸತ್ತಿನ ಎರಡು ಮತಕ್ಕೆ ಎರಡು ಹಾಳೆ ಇರಲಿ. ಚುನಾವಣೆಗೆ ಆರು ತಿಂಗಳ ಒಳಗೆ ಹೊಸ ನಿಯಮ ಜಾರಿಗೆ ಬೇಡ. ಸಂಸತ್ತು ಮತ್ತು ಕೌನ್ಸಿಲ್ ಚುನಾವಣೆಗಳನ್ನು ಬೇರೆ ಬೇರೆ ದಿನ ನಡೆಸಿ.

ಕೊನೆಯದಕ್ಕೆ ಕಾರಣ ಗೊಂದಲ ಒಂದೇ ಅಲ್ಲ. ದೊಡ್ಡ ಚುನಾವಣೆಯ ಗದ್ದಲದಲ್ಲಿ ಊರಿನ ಚರಂಡಿ, ಶಾಲೆ, ರಸ್ತೆಯ ಮಾತು ಮುಳುಗಿಹೋಗುತ್ತದೆ. ಸ್ಕಾಟ್ಲೆಂಡ್ ಈ ಮಾತನ್ನು ಒಪ್ಪಿತು. 2009ರಲ್ಲಿ ಕಾನೂನು ಮಾಡಿ, ಕೌನ್ಸಿಲ್ ಚುನಾವಣೆಯನ್ನು 2012ಕ್ಕೆ ಸರಿಸಿತು.

ಇನ್ನು ನಮ್ಮ ಕತೆಯ ಎರಡನೆಯ ಅಧ್ಯಾಯ. 2010ರಲ್ಲಿ ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮೊಕ್ರಾಟ್ ಪಕ್ಷಗಳ ಸಮ್ಮಿಶ್ರ ಸರ್ಕಾರ ಬಂತು. ಲೋಕಸಭೆಗೆ ಸಮನಾದ ಅಲ್ಲಿನ ಕಾಮನ್ಸ್ ಸಭೆಗೆ, ಹೆಚ್ಚು ಮತ ಪಡೆದವರೇ ಗೆಲ್ಲುವ ಈಗಿನ ಪದ್ಧತಿಯ ಬದಲು 'ಪರ್ಯಾಯ ಮತ' ಪದ್ಧತಿ ಬೇಕೆ ಎಂದು ಜನರನ್ನೇ ಕೇಳೋಣವೆಂದರು. ಜನಮತಗಣನೆಗೆ ಗೊತ್ತಾದ ದಿನ ಮೇ 5, 2011. ಅದೇ ದಿನ ಸ್ಕಾಟ್ಲೆಂಡ್ ಸಂಸತ್ತು, ವೇಲ್ಸ್ ಮತ್ತು ಉತ್ತರ ಐರ್ಲೆಂಡ್ ಅಸೆಂಬ್ಲಿಗಳು, ಇಂಗ್ಲೆಂಡಿನ ಅನೇಕ ಸ್ಥಳೀಯ ಸಂಸ್ಥೆಗಳು, ಇವೆಲ್ಲಕ್ಕೂ ಚುನಾವಣೆ. ಸುಟ್ಟ ಬೆರಳಿನ ನೋವು ಇನ್ನೂ ಆರಿರಲಿಲ್ಲ. ಸ್ಕಾಟ್ಲೆಂಡಿನಿಂದ ಜೋರಾದ ವಿರೋಧ ಬಂತು. ಆದರೂ ದಿನ ಬದಲಾಗಲಿಲ್ಲ. ಕಾನೂನಿಗೆ ರಾಣಿಯ ಅಂಕಿತ ಬಿದ್ದದ್ದು ಫೆಬ್ರವರಿ 16, 2011ರಂದು, ಮತದಾನಕ್ಕೆ ಮೂರು ತಿಂಗಳೂ ಉಳಿದಿರಲಿಲ್ಲ. ಆರು ತಿಂಗಳ ಮಾತು ಕಾಗದದಲ್ಲೇ ಉಳಿಯಿತು.

ಆದರೆ ಕಾನೂನು ಬರೆದವರು ಈ ಸಲ ಎಚ್ಚರದಿಂದಿದ್ದರು. ಮತದಾನಗಳನ್ನು ಜೋಡಿಸುವುದು ಹೇಗೆ ಎಂದು ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ನಾಲ್ಕಕ್ಕೂ ಬೇರೆ ಬೇರೆ ಅನುಸೂಚಿ ಬರೆದರು. ಆ ನಿಯಮಗಳು ಓದಲು ಒಣ ಒಣ. ಆದರೆ ಪ್ರತಿಯೊಂದರ ಹಿಂದೆಯೂ ಒಬ್ಬ ಗಲಿಬಿಲಿಗೊಂಡ ಮತದಾರನಿದ್ದಾನೆ. ಮುಖ್ಯವಾದ ಕೆಲವನ್ನು ಹೇಳುತ್ತೇನೆ.

ಮೊದಲನೆಯದು, ಮತಗಟ್ಟೆ ಒಂದೇ, ಸಿಬ್ಬಂದಿ ಒಂದೇ, ವೇಳೆ ಒಂದೇ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ. ಒಂದು ಚುನಾವಣೆಗೆ ಬಾಗಿಲು ಮುಚ್ಚಿ ಇನ್ನೊಂದಕ್ಕೆ ತೆರೆದಿರುವ ಹಾಗಿಲ್ಲ.

ಎರಡನೆಯದು, ಪ್ರತಿ ಮತಕ್ಕೂ ಬೇರೆ ಹಾಳೆ, ಪ್ರತಿ ಹಾಳೆಗೂ ಬೇರೆ ಬಣ್ಣ. ಕಣ್ಣಿಗೆ ಕಂಡೊಡನೆ ಇದು ಯಾವುದು ಎಂದು ತಿಳಿಯಬೇಕು.

ಮೂರನೆಯದು, ಮತದಾರನಿಗೆ ಒಂದರಲ್ಲಿ ಮಾತ್ರ ಮತ ಹಾಕುವ ಇಷ್ಟವಿದ್ದರೆ ಅದು ಅವನ ಹಕ್ಕು. ಇನ್ನೊಂದು ಹಾಳೆ ತೆಗೆದುಕೊಳ್ಳಲೇಬೇಕು ಎಂಬ ಬಲವಂತವಿಲ್ಲ.

ನಾಲ್ಕನೆಯದು, ತಪ್ಪು ಪೆಟ್ಟಿಗೆಗೆ ಬಿದ್ದ ಹಾಳೆ ಕೆಡುವುದಿಲ್ಲ. ಎಲ್ಲಕ್ಕೂ ಒಂದೇ ಪೆಟ್ಟಿಗೆ ಇಟ್ಟರೂ ಸರಿ, ಬೇರೆ ಬೇರೆ ಇಟ್ಟರೂ ಸರಿ. ಎಣಿಕೆಯ ಮೇಜಿನ ಮೇಲೆ ಎಲ್ಲವನ್ನೂ ಸುರಿದು, ಬಣ್ಣದ ಪ್ರಕಾರ ವಿಂಗಡಿಸಿ, ಕೊಟ್ಟ ಹಾಳೆ ಎಷ್ಟು, ಬಂದ ಹಾಳೆ ಎಷ್ಟು ಎಂದು ಮೊದಲು ತಾಳೆ ನೋಡಬೇಕು. ಆಮೇಲಷ್ಟೇ ಎಣಿಕೆ.

ಐದನೆಯದು, ಗುರುತು ಹಾಕಿದ ರೀತಿ ಬೇರೆಯಾದರೂ ಮತದಾರನ ಮನಸ್ಸು ಸ್ಪಷ್ಟವಾಗಿದ್ದರೆ ಆ ಮತ ಸಿಂಧು. ಉತ್ತರ ಐರ್ಲೆಂಡಿನಲ್ಲಿ ಇದು ಬಹಳ ಬೇಕಾದ ಮಾತು. ಅಲ್ಲಿ ಆ ದಿನ ಅಸೆಂಬ್ಲಿ, ಕೌನ್ಸಿಲ್, ಜನಮತಗಣನೆ ಎಂದು ಮೂರು ಹಾಳೆ. ಎರಡರಲ್ಲಿ ಅಂಕಿ, ಮೂರನೆಯದರಲ್ಲಿ ಗುಣಾಕಾರ ಚಿಹ್ನೆ.

ಆರನೆಯದು ಹಣದ ಮಾತು. ಒಟ್ಟಿಗೆ ಮಾಡಿದ ಖರ್ಚನ್ನು ಚುನಾವಣೆಗಳ ನಡುವೆ ಹಂಚಬೇಕು. ಉಳಿತಾಯ ಎಲ್ಲಿಂದ ಬಂತೆಂದು ಇದರಿಂದ ಲೆಕ್ಕ ಸಿಗುತ್ತದೆ.

ಇವುಗಳ ಜೊತೆಗೆ ಇನ್ನೊಂದು ಕಷ್ಟವಿದೆ. ಒಂದೇ ಸಾಲಿನಲ್ಲಿ ನಿಂತವರಿಗೆಲ್ಲ ಒಂದೇ ಹಕ್ಕು ಇರುವುದಿಲ್ಲ. ಆ ದಿನ ಪೋಲೆಂಡ್, ಫ್ರಾನ್ಸ್ ಮೊದಲಾದ ಐರೋಪ್ಯ ದೇಶಗಳ ನಿವಾಸಿಗಳು ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದಿತ್ತು, ಜನಮತಗಣನೆಯಲ್ಲಿ ಹಾಕುವಂತಿರಲಿಲ್ಲ. ವಿದೇಶದಲ್ಲಿ ನೆಲೆಸಿದ ಬ್ರಿಟಿಷ್ ಮತದಾರರದು ತದ್ವಿರುದ್ಧ. ಲಾರ್ಡ್ಸ್ ಸಭೆಯವರಿಗೆ ಸಂಸತ್ ಚುನಾವಣೆಯಲ್ಲಿ ಮತವಿಲ್ಲ, ಇಲ್ಲಿ ಇತ್ತು. ಹೀಗಾಗಿ ಮತದಾರರ ಪಟ್ಟಿಯಲ್ಲಿ ಹೆಸರಿನ ಮುಂದೆ ಅಕ್ಷರದ ಗುರುತು ಇಟ್ಟು, ಯಾರಿಗೆ ಯಾವ ಹಾಳೆ ಎಂದು ಸಿಬ್ಬಂದಿ ನೋಡಿ ಕೊಡಬೇಕಾಯಿತು. ಅಂದಹಾಗೆ, ಕಾಮನ್‌ವೆಲ್ತ್ ದೇಶದ ಪ್ರಜೆಗಳಾಗಿ ಅಲ್ಲಿ ಕಾನೂನುಬದ್ಧವಾಗಿ ನೆಲೆಸಿ, ಪಟ್ಟಿಯಲ್ಲಿ ಹೆಸರು ಸೇರಿಸಿದ ಭಾರತೀಯರಿಗೆ ಎರಡರಲ್ಲೂ ಮತವಿತ್ತು. ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ತಮ್ಮ ಬಂಧುಗಳಿದ್ದರೆ ಈ ಹಕ್ಕಿನ ಬಗ್ಗೆ ಅವರಿಗೊಮ್ಮೆ ನೆನಪಿಸಿ.

ಮತದಾನ ಸುಗಮವಾಗಿ ನಡೆಯಿತು. ಸ್ಕಾಟ್ಲೆಂಡಿನಲ್ಲಿ ಅಸಿಂಧು ಮತಗಳ ಪ್ರಮಾಣ ಮತ್ತೆ ಶೇಕಡಾ ಒಂದಕ್ಕಿಂತ ಕೆಳಗಿಳಿಯಿತು. ಹಾಳೆ ಮೂರಿದ್ದರೂ ಹೀಗಾಯಿತು. ಅಂದರೆ ಮತದಾರ ದಡ್ಡನಲ್ಲ, ಅವನ ಕೈಗೆ ಕೊಡುವ ಕಾಗದ ನೆಟ್ಟಗಿರಬೇಕು ಅಷ್ಟೆ. ಜನಮತಗಣನೆಯಲ್ಲಿ ಬೇಡ ಎಂದವರು ಶೇಕಡಾ 67.9, ಬೇಕು ಎಂದವರು 32.1.

ಆದರೂ ಒಂದು ಕೊರತೆಯನ್ನು ಯಾವ ನಿಯಮವೂ ತುಂಬಲಿಲ್ಲ. ಬೇರೆ ಚುನಾವಣೆಯೇ ಇಲ್ಲದ ಲಂಡನ್ನಿನಲ್ಲಿ ಮತ ಹಾಕಿದವರು ಶೇಕಡಾ 35ರಷ್ಟು. ಮೂರು ಹಾಳೆಗಳ ಉತ್ತರ ಐರ್ಲೆಂಡಿನಲ್ಲಿ ಶೇಕಡಾ 55ರ ಆಸುಪಾಸು. ಇಡೀ ದೇಶಕ್ಕೆ ಕೇಳಿದ ಪ್ರಶ್ನೆ ಒಂದೇ. ಎಷ್ಟು ಜನ ಉತ್ತರಿಸಿದರು ಎಂಬುದು ಮಾತ್ರ, ಆ ದಿನ ಅವರ ಊರಲ್ಲಿ ಬೇರೇನು ಚುನಾವಣೆಯಿತ್ತು ಎಂಬುದನ್ನೂ ಅವಲಂಬಿಸಿತ್ತು. ಮುಂದೆ ಐರೋಪ್ಯ ಒಕ್ಕೂಟದ ಪ್ರಶ್ನೆ ಬಂದಾಗ, 2015ರ ಕಾನೂನಿನಲ್ಲೇ ಮೇ 5, 2016 ಮತ್ತು ಮೇ 4, 2017ರ ಚುನಾವಣಾ ದಿನಗಳಂದು ಜನಮತಗಣನೆ ಕೂಡದು ಎಂದು ಬರೆದರು. ಅದು ಜೂನ್ 23, 2016ರಂದು ಪ್ರತ್ಯೇಕವಾಗಿ ನಡೆಯಿತು.

ಬಂಧುಗಳೆ, ಈಗ ನಮ್ಮ ಮನೆಗೆ ಬರೋಣ. ಜೋಡಿ ಚುನಾವಣೆ ನಮಗೆ ಹೊಸದಲ್ಲ. 1951-52ರಿಂದ 1967ರವರೆಗೆ ಲೋಕಸಭೆ, ವಿಧಾನಸಭೆಗಳಿಗೆ ಬಹುಮಟ್ಟಿಗೆ ಒಟ್ಟಿಗೇ ಮತ ಹಾಕಿದೆವು. ಕರ್ನಾಟಕದಲ್ಲಿ 1999 ಮತ್ತು 2004ರಲ್ಲೂ ಹಾಗಾಯಿತು. 2007ರ ಕೊನೆಗೆ ಸಮ್ಮಿಶ್ರ ಸರ್ಕಾರ ಬಿದ್ದು ವಿಧಾನಸಭೆ ವಿಸರ್ಜನೆಯಾದ ಮೇಲೆ ಆ ಜೋಡಿ ಮುರಿಯಿತು. ಮುಂಬಯಿಯ ಕೇಳುಗರು 1999ರಲ್ಲಿ, ಹೈದರಾಬಾದಿನವರು 2014ರಲ್ಲಿ ಎರಡೆರಡು ಮತ ಹಾಕಿದ್ದಾರೆ. ಪುಣೆಯವರಿಗೆ ಇನ್ನೂ ಹೆಚ್ಚಿನ ಅನುಭವ. 2017ರ ಮಹಾನಗರಪಾಲಿಕೆ ಚುನಾವಣೆಯಲ್ಲಿ ಬಹುತೇಕ ಪ್ರಭಾಗಗಳಿಗೆ ನಾಲ್ಕು ಸ್ಥಾನ, ಆದ್ದರಿಂದ ಅಲ್ಲಿ ನಾಲ್ಕು ಬಾರಿ ಗುಂಡಿ ಒತ್ತಬೇಕಿತ್ತು. ನಮ್ಮ ಆಯೋಗವೂ ಬಣ್ಣದ ಪಾಠ ಕಲಿತದ್ದೇ: ಲೋಕಸಭೆಗೆ ಬಿಳಿ ಮತಪತ್ರ, ವಿಧಾನಸಭೆಗೆ ನಸುಗೆಂಪು, ಎರಡಕ್ಕೂ ಬೇರೆ ಯಂತ್ರ.

ಜನಮತಗಣನೆಯೂ ನಮ್ಮ ನೆರೆಯಲ್ಲೇ ನಡೆದಿದೆ. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೆ, ಪ್ರತ್ಯೇಕ ಉಳಿಯಬೇಕೆ ಎಂದು ಜನವರಿ 16, 1967ರಂದು ಕೇಳಿದರು. ಸೇರಲು ಹೂವಿನ ಗುರುತು, ಪ್ರತ್ಯೇಕಕ್ಕೆ ಎರಡು ಎಲೆ. ಅಂದು ಬೇರೆ ಚುನಾವಣೆ ಇರಲಿಲ್ಲ. ಜನರ ಗಮನವೆಲ್ಲ ಆ ಒಂದೇ ಪ್ರಶ್ನೆಯ ಮೇಲಿತ್ತು. 34,021 ಮತಗಳ ಅಂತರದಲ್ಲಿ ಗೋವಾ ತನ್ನ ದಾರಿ ಆರಿಸಿಕೊಂಡಿತು.

ರಾಮನಾಥ್ ಕೋವಿಂದ್ ಸಮಿತಿ 2024ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಮೊದಲು ಲೋಕಸಭೆ, ವಿಧಾನಸಭೆಗಳು ಒಟ್ಟಿಗೆ, ಆಮೇಲೆ 100 ದಿನಗಳೊಳಗೆ ಪಾಲಿಕೆ, ಪಂಚಾಯ್ತಿಗಳು ಎಂದಿತು. ಡಿಸೆಂಬರ್ 17, 2024ರಂದು ಮಸೂದೆ ಲೋಕಸಭೆಯಲ್ಲಿ ಮಂಡನೆಯಾಗಿ ಜಂಟಿ ಸಮಿತಿಗೆ ಹೋಯಿತು. ಅದು ಬೇಕೇ ಬೇಡವೇ ಎಂಬುದನ್ನು ತಾವೇ ಯೋಚಿಸಿ. ಯಾವ ಪಕ್ಷದವರು ಈ ಮಾತೆತ್ತಿದರೂ ಕೇಳಬೇಕಾದ ಪ್ರಶ್ನೆಗಳು ಮಾತ್ರ ಇವು. ನಿಯಮಗಳು ಎಷ್ಟು ತಿಂಗಳು ಮೊದಲು ಸಿದ್ಧವಾಗುತ್ತವೆ? ಓದು ಬಾರದ ಅಜ್ಜಿಗೆ ಯಾವ ಗುಂಡಿ ಯಾವ ಸಭೆಗೆ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆಯೆ? ದಿಲ್ಲಿಯ ಮಾತಿನ ಅಬ್ಬರದಲ್ಲಿ ನಮ್ಮ ರಾಜ್ಯದ ನೀರು, ನಮ್ಮ ವಾರ್ಡಿನ ಕಸ ಚರ್ಚೆಗೆ ಬರುತ್ತದೆಯೆ? ಉಳಿಸಿದ ಹಣದ ಲೆಕ್ಕದ ಜೊತೆಗೆ, ಕಳೆದುಹೋದ ಮತಗಳ ಲೆಕ್ಕವನ್ನೂ ಯಾರಾದರೂ ಇಡುತ್ತಾರೆಯೆ?

ಸ್ಕಾಟ್ಲೆಂಡಿನ ಆ 1,46,099 ಮತಗಳನ್ನು ಯಾರೂ ಕದಿಯಲಿಲ್ಲ, ಯಾರೂ ತಡೆಯಲಿಲ್ಲ. ಜನ ಮನೆಯಿಂದ ಹೊರಟು, ಸಾಲಿನಲ್ಲಿ ನಿಂತು, ಮತ ಹಾಕಿದೆವೆಂದು ನಂಬಿ ಮನೆಗೆ ಮರಳಿದ್ದರು. ಆ ನಂಬಿಕೆ ಉಳಿಯುವಂತೆ ನೋಡಿಕೊಳ್ಳುವುದೇ ಚುನಾವಣಾ ನಿಯಮಗಳ ಮೊದಲ ಕೆಲಸ.