ಸಣ್ಣ ಕಾಮಗಾರಿ ಯಾರ ಕೈಗೆ?



ಚಚಡಿ ಸುತ್ತಿನ ಹೊಲಗಳಿಗೆ ಬೇಕಾದ ಹಳ್ಳದ ಬಾಂದಾರ, ಹೊಲದ ದಾರಿ ಎಲ್ಲವೂ ಸಣ್ಣ ಕಾಮಗಾರಿಗಳೇ. ಸರಕಾರಿ ಟೆಂಡರುಗಳಿಗೆಂದು ಬಂದ 1999ರ ಪಾರದರ್ಶಕತೆ ಕಾಯ್ದೆ ಮುಖ್ಯವಾಗಿ ಕಡಿಮೆ ದರವನ್ನೇ ನೋಡುತ್ತಿತ್ತು, ಬಂಡವಾಳವಿಲ್ಲದವರು ಹೊರಗುಳಿದರು. 2016ರ ತಿದ್ದುಪಡಿಯಿಂದ, 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳ ಸಂಖ್ಯೆಯಲ್ಲಿ ಶೇ. 17.15 ಪರಿಶಿಷ್ಟ ಜಾತಿಯ, ಶೇ. 6.95 ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲಾದವು. 2023ರಲ್ಲಿ ಈ ಮಿತಿ 1 ಕೋಟಿಗೆ ಏರಿತು.

ನೂರು ಕಾಮಗಾರಿಗಳಿದ್ದರೆ ಇಪ್ಪತ್ತನಾಲ್ಕು ಇವರಿಗೆ. ಆದರೆ ಹತ್ತು ಬಾಂದಾರಗಳನ್ನು ಒಂದೇ ಟೆಂಡರಿನಲ್ಲಿ ಸೇರಿಸಿದರೆ ಮೊತ್ತ ಮಿತಿ ದಾಟುತ್ತದೆ, ಮೀಸಲು ತಾನಾಗಿಯೇ ತಪ್ಪುತ್ತದೆ. ಕಚೇರಿಗೇನೋ ಒಂದೇ ಕಡತ, ಅನುಕೂಲ! ಇನ್ನು ಕೆಲಸ ಸಿಕ್ಕರೂ ಬಿಲ್ಲು ತಡವಾದರೆ ಸಣ್ಣ ಗುತ್ತಿಗೆದಾರ ಬಡ್ಡಿ ಸಾಲಕ್ಕೆ ಬೀಳುತ್ತಾನೆ, ಬಾಂದಾರ ಮಳೆಗಾಲದವರೆಗೂ ಅರ್ಧಕ್ಕೇ ನಿಲ್ಲುತ್ತದೆ. ಗ್ರಾಮಸಭೆಯಲ್ಲಿ ಕಾಮಗಾರಿಗಳ ಪಟ್ಟಿ ಓದುವಾಗ ಯಾವ ಕೆಲಸವನ್ನು ಯಾವುದರೊಡನೆ ಸೇರಿಸಿದ್ದಾರೆ, ಏಕೆ ಎಂದು ಕೇಳಿರಿ.