‘ಗೆಲುವಾಗಿ’ ಎಂಬ ಮಾತು
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾನು ಪಂಡಿತನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯ ಹಾಜರಿ ಪುಸ್ತಕ ಬರೆದವನು. ಕಾರ್ಯದರ್ಶಿಗಳು ಹಟ ಹಿಡಿದುದರಿಂದ ಒಂದೇ ಒಂದು ಮಾತಿನ ವಿಷಯ ಹೇಳಿ ಕುಳಿತುಕೊಳ್ಳುತ್ತೇನೆ.

ಆ ಮಾತು ‘ಗೆಲುವಾಗಿ’. ಗೆಲುವು, ಆಗಿ ಎರಡೂ ಸೇರಿ ನಡುವಿನ ಉಕಾರ ಲೋಪವಾಗಿದೆ. ಗೆಲ್ಲು ಎಂಬುದರಿಂದ ಬಂದ ಗೆಲುವಿಗೆ ಜಯವೆಂದೂ ಅರ್ಥವುಂಟು, ಮುಖದ ಕಳೆ, ಮನಸ್ಸಿನ ಹುರುಪು ಎಂದೂ ಅರ್ಥವುಂಟು.

ಬರಿಯ ಸಂತೋಷಕ್ಕೆ ಬೇರೆ ಮಾತುಗಳಿವೆ. ಮದುವೆ ಮನೆಯವರು ಸಂಭ್ರಮದಿಂದ ಓಡಾಡುತ್ತಾರೆ. ಮಳೆ ‘ಆಶಾದಾಯಕವಾಗಿ’ ಇರುತ್ತದೆ. ಅದು ಪತ್ರಿಕೆಯವರ ಮಾತು, ಯಾವ ತಾಯಿಯೂ ಮಗನಿಗೆ ಆಶಾದಾಯಕವಾಗಿರು ಎನ್ನಲಾರಳು. ವಿಜಯಪುರದ ಕಡೆಯವರು ‘ಆರಾಮ ಅದೀನಿ’ ಎನ್ನುತ್ತಾರೆ, ಇಲ್ಲಿನ ಮರಾಠಿ ನೆರೆಯವರು ‘ಮಜೇತ್’ ಎನ್ನುತ್ತಾರೆ. ಇವನ್ನು ಯಾವಾಗ ಬೇಕಾದರೂ ಹೇಳಬಹುದು. ಗೆಲುವಾಗಿ ಹಾಗಲ್ಲ. ಜ್ವರ ಬಿಟ್ಟ ಮಗು ಗೆಲುವಾಗಿ ಆಡುತ್ತದೆ. ಸೋತು ಕುಳಿತವನಿಗೆ ‘ಸ್ವಲ್ಪ ಗೆಲುವಾಗಿರಪ್ಪಾ’ ಎನ್ನುತ್ತೇವೆ; ನಗುತ್ತಿರುವವನಿಗೆ ಯಾರೂ ಹಾಗೆನ್ನುವುದಿಲ್ಲ. ಈ ಮಾತಿನ ಹಿಂದೆ ಹೆಚ್ಚಾಗಿ ಒಂದು ಬಾಡಿದ ಮುಖ ಇರುತ್ತದೆ.

ಇದನ್ನು ನನಗೆ ಕಲಿಸಿದ್ದು ವ್ಯಾಕರಣವಲ್ಲ, ಸಾಗರದ ಹತ್ತಿರದ ಹಳ್ಳಿಯಲ್ಲಿದ್ದ ನನ್ನ ಅಜ್ಜಿ. ತಂದೆಯವರು ಪರೇಲಿನ ಚಾಳಿನಲ್ಲಿದ್ದರು. 1982ರ ಜನವರಿ 18ರಂದು ಗಿರಣಿ ಮುಷ್ಕರ ಶುರುವಾಗಿ ಮುಂಬಯಿಯ ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ನಿಂತರು. ವರ್ಷ ದಾಟಿದರೂ ಅದು ಇತ್ಯರ್ಥವಾಗಲಿಲ್ಲ. ತಂದೆಯವರು ಊರಿಗೆ ಬರೆಯುತ್ತಿದ್ದುದು ಯಾವಾಗಲೂ ‘ಕ್ಷೇಮ’ ಎಂದೇ. ಆ ವರ್ಷದ ಮಳೆಗಾಲದ ಒಂದು ಕಾಗದದಲ್ಲಿ ಮಾತ್ರ ‘ನಾನು ಗೆಲುವಾಗಿದ್ದೇನೆ, ಚಿಂತಿಸಬೇಡಿ’ ಎಂದಿತ್ತು. ಅಜ್ಜಿಗೆ ಓದು ಬಾರದು. ಪಕ್ಕದ ಮನೆಯ ಹುಡುಗನಿಂದ ಎರಡು ಸಲ ಓದಿಸಿದಳು. ‘ಗೆಲುವಾಗಿದಾನಂತೆ! ಹಾಗಾದರೆ ಏನೋ ಆಗಿತ್ತು’ ಎಂದು, ಮರುದಿನವೇ ಚಿಕ್ಕಪ್ಪನ ಹೆಗಲಿಗೆ ಅಕ್ಕಿಯ ಗಂಟು ಹೊರಿಸಿ ಹೊರಡಿಸಿದಳು. ತಂದೆಯವರು ಕಾಮಾಲೆಯಿಂದ ತಿಂಗಳು ಮಲಗಿ ಆಗಷ್ಟೇ ಎದ್ದಿದ್ದರು. ಬಾಡಿಗೆಯೂ ಬಾಕಿ. ಮುಚ್ಚಿಡಲೆಂದೇ ಬರೆದ ಮಾತು ಎಲ್ಲವನ್ನೂ ಹೇಳಿಬಿಟ್ಟಿತ್ತು.

ಮೊನ್ನೆ ಇದೇ ಮೇಜಿನ ಹತ್ತಿರ ಕಾವಲು ಕೆಲಸದ ಹುಡುಗನೊಬ್ಬ ಬಂದು ಫೋನು ಮುಂದಿಟ್ಟ. ಡೆಂಗ್ಯೂ ಜ್ವರದಿಂದ ಎದ್ದವನು. ‘ಗೆಲುವಾಗಿದ್ದೇನೆ ಅಂತ ನಮ್ಮವ್ವನಿಗೆ ಬರೆದು ಕಳಿಸಿ’ ಎಂದ. ಜ್ವರದ ಸಂಗತಿ ಅವ್ವನಿಗೆ ಗೊತ್ತೇ ಎಂದು ಕೇಳಿದೆ. ಇಲ್ಲವೆಂದ. ನನ್ನ ಅಜ್ಜಿಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿ, ‘ಹಾಗಾದರೆ ಮೊದಲು ಜ್ವರದ ವಿಷಯ ಬರೆಯಿರಿ, ಸಾರ್’ ಎಂದ.