ಕಿವಿಗೂ ಕನ್ನಡ ಬೇಕು
(ಬೆಳಗಾವಿಯ ಯುವಕರ ಸಭೆಯಲ್ಲಿ ಮಾಡಿದ ಭಾಷಣ)

ಕನ್ನಡದ ಗೆಳೆಯರೇ,

ಈ ಊರಿನಲ್ಲಿ ಕನ್ನಡ ನಾಮಫಲಕಕ್ಕಾಗಿ ನೀವು ಬೀದಿಗಿಳಿದಿದ್ದೀರಿ. ಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾನೂನೂ ಆಯಿತು. ಸಂತೋಷ. ಆದರೆ ಆ ಫಲಕ ಕಾಣದ ಕನ್ನಡಿಗನಿಗೆ ನಾವೇನು ಕೊಟ್ಟೆವು?

ಖಾನಾಪುರದಿಂದ ಬಸ್ಸು ಹತ್ತಿ ಬೆಳಗಾವಿಯ ಕಾಲೇಜಿಗೆ ಬರುವ ಒಬ್ಬ ಅಂಧ ವಿದ್ಯಾರ್ಥಿಯನ್ನು ನೆನೆಯಿರಿ. ಅವನ ಮೊಬೈಲಿನ ಟಾಕ್‌ಬ್ಯಾಕ್, ಬೆರಳು ಮುಟ್ಟಿದ್ದನ್ನು ಓದಿ ಹೇಳುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಇದೆ. 2006ರಲ್ಲಿ ಅದನ್ನು ಆರಂಭಿಸಿದ ಮೈಕೆಲ್ ಕರನ್, ಆತನ ಜೊತೆಗೂಡಿದ ಜೇಮ್ಸ್ ಟೇ, ಆಸ್ಟ್ರೇಲಿಯಾದ ಈ ಇಬ್ಬರೂ ಅಂಧರು. ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೆ ಅದನ್ನು ಉಚಿತವಾಗಿ ಕೊಟ್ಟರು. ಅದರ ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ.

ಹಾಗಾದರೆ ಅಡ್ಡಿ ಎಲ್ಲಿದೆ? ನಮ್ಮಲ್ಲೇ ಇದೆ!

ಹಳೆಯ ನುಡಿ ಅಕ್ಷರದಲ್ಲಿ 'ಕನ್ನಡ' ಎಂದು ಟೈಪು ಮಾಡಿ. ಕಣ್ಣಿಗೆ ಕನ್ನಡವೇ ಕಾಣುತ್ತದೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಇಂಗ್ಲಿಷಿನ 'ಪಿ', 'ಕ್ಯೂ', ನಡುವೆ ಬ್ರಿಟಿಷರ ಪೌಂಡಿನ ಗುರುತು! ಓದುವ ಯಂತ್ರ ವೇಷ ನೋಡುವುದಿಲ್ಲ, ಒಳಗಿದ್ದುದನ್ನೇ ಒದರುತ್ತದೆ. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ 1991ರಿಂದಲೇ ಸ್ವಂತ ಜಾಗವಿದೆ. ನುಡಿ, ಬರಹ ಎರಡರಲ್ಲೂ ಈಗ ಯೂನಿಕೋಡ್ ಇದೆ. ಆದರೂ ಹಳೆಯ ಚಾಳಿ ಬಿಟ್ಟಿಲ್ಲ.

ಇನ್ನು ನಮ್ಮ ಕರಪತ್ರ! ಅಂದವಾಗಿ ಬಣ್ಣ ಬಳಿದು, ಚಿತ್ರ ಮಾಡಿ ವಾಟ್ಸಾಪಿಗೆ ಬಿಡುತ್ತೇವೆ. ಅವನ ಫೋನು ಎಷ್ಟೋ ಸಲ 'ಚಿತ್ರ' ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ನಮ್ಮ ಹೋರಾಟದ ಕರೆ ನಮ್ಮವನಿಗೇ ಮುಟ್ಟಲಿಲ್ಲ. ಕನ್ನಡದ ಪುಟ ಮೂಕವಾದಾಗ ಅವನು ಇಂಗ್ಲಿಷಿನ ಪುಟಕ್ಕೆ ಹೋಗುತ್ತಾನೆ. ಕನ್ನಡ ಬಿಟ್ಟನೆಂದು ಅವನನ್ನು ಬೈಯಬೇಡಿ. ಅಟ್ಟಿದವರು ನಾವು!

ಇದು ದಾನದ ಮಾತಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 42ನೇ ಕಲಂ, ವಿದ್ಯುನ್ಮಾನ ಮಾಧ್ಯಮದ ಮಾಹಿತಿ ಅಂಗವಿಕಲರಿಗೂ ದಕ್ಕುವಂತೆ ಮಾಡಬೇಕೆಂದು ಸರ್ಕಾರಕ್ಕೆ ಹೇಳುತ್ತದೆ. 2011ರ ಜನಗಣತಿಯಲ್ಲಿ ದೃಷ್ಟಿದೋಷ ಉಳ್ಳವರೆಂದು ಲೆಕ್ಕಕ್ಕೆ ಸಿಕ್ಕವರು ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಕನ್ನಡಿಗರಿಲ್ಲವೇ?

ಆದ್ದರಿಂದ ಇಂದಿನಿಂದ ಮೂರು ಕೆಲಸ ಹಿಡಿಯೋಣ. ಒಂದು, ಬರೆಯುವುದೆಲ್ಲ ಯೂನಿಕೋಡಿನಲ್ಲೇ. ಎರಡು, ಚಿತ್ರ ಹಾಕಿದರೆ ಕೆಳಗೆ ಅದರ ಮಾತನ್ನೂ ಟೈಪು ಮಾಡುವುದು. ಮೂರು, ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುವ ಕಚೇರಿಗೆ ಹೋಗಿ, ಓದಿಸಬಲ್ಲ ಕನ್ನಡ ಪ್ರತಿ ಕೊಡಿ ಎಂದು ಅರ್ಜಿ ಕೊಡುವುದು.

ಮೊದಲೆರಡಕ್ಕೆ ಯಾರ ಅಪ್ಪಣೆಯೂ ಬೇಡ. ಇವತ್ತು ರಾತ್ರಿ ಮನೆಗೆ ಹೋಗಿ ನಿಮ್ಮ ಫೋನಿನ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ನಮ್ಮದೇ ಕರಪತ್ರ ಓದಿಸಿ ನೋಡಿ. ಅದು ಕನ್ನಡ ಮಾತಾಡದಿದ್ದರೆ, ನಾಳೆ ಬೀದಿಗಿಳಿಯುವ ಮುನ್ನ ಅದನ್ನು ತಿದ್ದಿ.

ಜೈ ಕರ್ನಾಟಕ!